ಬೆರಳಿಗೆ ಗೊತ್ತಿದ್ದ ಮೊಟಕುಗಳು

ಕೋರ್ಟಿನ ಹಿಂದಿನ ರಸ್ತೆಯಲ್ಲಿ ಟೈಪಿಂಗ್ ಅಂಗಡಿಗಳು ಆರು. ಆದರೂ ಅವಸರದ ಕೆಲಸವಿದ್ದರೆ ವಕೀಲರ ಗುಮಾಸ್ತರು ಆರನ್ನೂ ದಾಟಿ ಕೊನೆಯ ಮನೆಯ ಬಾಗಿಲು ತಟ್ಟುತ್ತಿದ್ದರು. ಅದು ಟೈಪಿಸ್ಟಮ್ಮನ ಮನೆ. ಬೆಳಗ್ಗೆ ಕೊಟ್ಟ ನಲವತ್ತು ಪುಟ ಊಟದ ಹೊತ್ತಿಗೆ ತಯಾರಾಗುತ್ತಿತ್ತು. ಆಕೆಗೆ ಹತ್ತು ಬೆರಳಲ್ಲ, ಇಪ್ಪತ್ತಿರಬೇಕು ಎಂದು ಎದುರು ಅಂಗಡಿಯವನು ಹೊಟ್ಟೆಕಿಚ್ಚಿನಿಂದ ಹೇಳುತ್ತಿದ್ದ.

ಗುಟ್ಟು ಬೆರಳಲ್ಲಿರಲಿಲ್ಲ, ಮೊಟಕುಗಳಲ್ಲಿತ್ತು. ವಕೀಲರು ಬರೆಸುವುದೆಲ್ಲ ಹಾಡಿದ್ದೇ ಹಾಡು. ‘ಮೇಕಾ’ ಎಂದು ಒತ್ತಿದರೆ ‘ಮೇಲೆ ಹೇಳಿದ ಎಲ್ಲ ಕಾರಣಗಳಿಂದ’ ಎಂದು ತಾನೇ ಬಿಚ್ಚಿಕೊಳ್ಳುವಂತೆ ಆಕೆ ಕಂಪ್ಯೂಟರಿಗೆ ಕಲಿಸಿದ್ದಳು. ಗಂಡ ತೀರಿಕೊಂಡ ವರ್ಷ ಮೊದಲನೆಯದನ್ನು ಹಾಕಿದ್ದು. ಹದಿನೆಂಟು ವರ್ಷಗಳಲ್ಲಿ ನಾಲ್ಕು ಸಾವಿರ ಆಗಿದ್ದವು. ಎಲ್ಲೂ ಬರೆದಿಟ್ಟಿರಲಿಲ್ಲ. ತನ್ನ ಮನೆಯ ದಾರಿಯನ್ನು ಯಾರಾದರೂ ಬರೆದಿಟ್ಟುಕೊಳ್ಳುತ್ತಾರೆಯೇ?

ಅಳಿಯನದು ಲಿಫ್ಟ್ ರಿಪೇರಿ ಕೆಲಸ. ಒಳ್ಳೆಯವನೇ. ಆದರೆ ಕೇಳದೆ ಉಪಕಾರ ಮಾಡುವವನಷ್ಟು ಅಪಾಯದ ಪ್ರಾಣಿ ಇನ್ನೊಂದಿಲ್ಲ. ಎರಡು ವರ್ಷದಿಂದ ಅವನ ತಲೆಗೆ ಲಿನಕ್ಸ್ ಎಂಬ, ಕಂಪ್ಯೂಟರ್ ನಡೆಸುವ ಪುಕ್ಕಟೆ ವ್ಯವಸ್ಥೆಯ ಹುಚ್ಚು ಹತ್ತಿತ್ತು. ಭಾವನ ಮನೆ, ಚಿಕ್ಕಪ್ಪನ ಮನೆ ಎಂದು ಐದು ಕಂಪ್ಯೂಟರುಗಳನ್ನು ‘ಬಿಡುಗಡೆ’ ಮಾಡಿ ಮುಗಿಸಿದ್ದ. ಪೆನ್‌ಡ್ರೈವ್ ಜೇಬಿನಲ್ಲೇ ಇರುತ್ತಿತ್ತು. ಒಂದು ದಿನ ಟೈಪಿಸ್ಟಮ್ಮ ಬಾಯಿ ತಪ್ಪಿ, “ಯಾಕೋ ಇದು ಶುರುವಾಗೋಕೇ ಹತ್ತು ನಿಮಿಷ ತಗೊಳ್ಳುತ್ತಪ್ಪ” ಎಂದಳು. ಅವನಿಗೆ ಅಷ್ಟೇ ಸಾಕಾಯಿತು. ಆಕೆ ಮಗಳ ಜೊತೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬರುವಷ್ಟರಲ್ಲಿ ಹಳೆಯದನ್ನೆಲ್ಲ ಒರೆಸಿ ಹೊಸದನ್ನು ಕೂರಿಸಿಬಿಟ್ಟಿದ್ದ.

“ನೋಡಿ ಅತ್ತೆ, ಅರ್ಧ ನಿಮಿಷಕ್ಕೆ ಶುರುವಾಗುತ್ತೆ. ವೈರಸ್ ಕಾಟ ಇಲ್ಲ, ಯಾವ ಕಂಪನಿಯ ಹಂಗೂ ಇಲ್ಲ. ಇನ್ಮೇಲೆ ನೀವು ಸ್ವತಂತ್ರ.”

“ನಾನು ಯಾವಾಗ ಜೈಲಲ್ಲಿದ್ದೆ?” ಎಂದು ಆಕೆ ಕುರ್ಚಿಯಲ್ಲಿ ಕೂತಳು. ಬೆರಳು ತಾನಾಗಿ ‘ಮೇಕಾ’ ಎಂದು ಒತ್ತಿತು. ಪರದೆಯ ಮೇಲೆ ಮೇಕಾ ಎಂದೇ ಉಳಿಯಿತು. ಇನ್ನೊಂದು ಒತ್ತಿದಳು, ಮತ್ತೊಂದು. ಎಲ್ಲವೂ ಒತ್ತಿದ ಹಾಗೇ ಉಳಿದವು. ಆಕೆ ಅಳಿಯನ ಕಡೆ ತಿರುಗಿದಳು.

“ನನ್ನ ಮೊಟಕುಗಳೆಲ್ಲಿ?”

“ಏನೂ ಹೋಗಿಲ್ಲ ಅತ್ತೆ. ಎಲ್ಲಾ ಫೈಲೂ ಇದೆ, ಫೋಟೋನೂ ಇದೆ. ಅಳಿಸೋಕೆ ಮುಂಚೆ ಒಂದೊಂದೂ ಎಣಿಸಿದ್ದೀನಿ.”

ಎಣಿಸಿದ್ದು ನಿಜ. ಆದರೆ ಮೊಟಕುಗಳು ಫೈಲುಗಳ ಜೊತೆ ಇರಲಿಲ್ಲ. ಹಳೆಯ ಟೈಪಿಂಗ್ ಪ್ರೋಗ್ರಾಮಿನ ಹೊಟ್ಟೆಯೊಳಗಿದ್ದವು. ಅವನು ಅಲ್ಲಿ ನೋಡಿರಲಿಲ್ಲ, ಯಾರನ್ನೂ ಕೇಳಿರಲಿಲ್ಲ. ವಿಷಯ ತಿಳಿದಾಗ ಮುಖ ಸಣ್ಣದಾಯಿತು, ಆದರೂ ಜಂಬ ಇಳಿಯಲಿಲ್ಲ. “ಅಷ್ಟೇ ತಾನೇ? ನೀವು ಹೇಳ್ತಾ ಹೋಗಿ, ನಾನು ಸಂಜೆಯೊಳಗೆ ಹಾಕಿಬಿಡ್ತೀನಿ.”

ಮಗಳು ನೋಟ್‌ಬುಕ್ ಹಿಡಿದು ಕೂತಳು. ಟೈಪಿಸ್ಟಮ್ಮ ಕಣ್ಣು ಮುಚ್ಚಿ ನೆನಪಿಸಿಕೊಂಡಳು. ಹನ್ನೊಂದು ಬಂದವು, ಆಮೇಲೆ ಬಾಯಿ ಕಟ್ಟಿತು. ಉಳಿದವು ಬೆರಳಿಗೆ ಗೊತ್ತಿದ್ದವು, ಬಾಯಿಗೆ ಗೊತ್ತಿರಲಿಲ್ಲ.

“ಅಮ್ಮ, ಅವರು ಒಳ್ಳೇದಕ್ಕೇ ಮಾಡಿದ್ದು,” ಎಂದಳು ಮಗಳು.

“ನನ್ನ ಒಳ್ಳೇದನ್ನ ನನ್ನನ್ನ ಕೇಳಿ ಮಾಡೋಕೆ ಏನು ರೋಗ?”

ಮರುದಿನ ಬೆಳಗ್ಗೆ ಹಿರಿಯ ವಕೀಲರ ಗುಮಾಸ್ತ ಮೂವತ್ತು ಪುಟ ತಂದುಕೊಟ್ಟ. ಎರಡು ಗಂಟೆಗೆ ಬೇಕಂತೆ. ಆಕೆ ಹಟ ಹಿಡಿದು ಕೂತಳು. ಬೆರಳು ರೂಢಿಯ ಓಟದಲ್ಲೇ ಓಡಿತು. ಪ್ರತಿ ಸಾಲಿನಲ್ಲೂ ಮೂರು ನಾಲ್ಕು ಮೊಟಕು ಬಿದ್ದು, ಹಿಂದಕ್ಕೆ ಬಂದು ಅಳಿಸಿ ಪೂರ್ತಿ ಹೊಡೆಯಬೇಕಾಯಿತು. ಎರಡು ಗಂಟೆಗೆ ಆಗಿದ್ದು ಒಂಬತ್ತೇ ಪುಟ. ಗುಮಾಸ್ತ ಬಾಗಿಲಲ್ಲಿ ನಿಂತು ಗಡಿಯಾರ ನೋಡಿದ. ಆಮೇಲೆ ಕಾಗದಗಳನ್ನು ಒಟ್ಟು ಮಾಡಿಕೊಂಡು, “ಇರ್ಲಿ ಬಿಡಿ ಅಮ್ಮ, ನಿಮಗೂ ವಯಸ್ಸಾಯ್ತು,” ಎಂದು ಎದುರು ಅಂಗಡಿಗೆ ಹೋದ. ಹದಿನೆಂಟು ವರ್ಷದಲ್ಲಿ ಆ ಮನೆಯಿಂದ ಕೆಲಸ ಅರ್ಧಕ್ಕೆ ವಾಪಸು ಹೋದದ್ದು ಅದೇ ಮೊದಲು. ಆಕೆಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು.

ಸಂಜೆ ಅಳಿಯ ಬಂದ. “ಹೇಗಿದೆ ಅತ್ತೆ? ಅಭ್ಯಾಸ ಆಯ್ತಾ?”

ಟೈಪಿಸ್ಟಮ್ಮ ಮೊಟಕುಗಳನ್ನು ತಿದ್ದದೆ ಬಿಟ್ಟ ಒಂದು ಪುಟವನ್ನು ಪ್ರಿಂಟ್ ತೆಗೆದು ಅವನ ಕೈಗೆ ಕೊಟ್ಟಳು. “ಓದಿ.”

ಅವನು ಮೊದಲ ಸಾಲಿನಲ್ಲೇ ತಡವರಿಸಿ ನಿಂತ. ಆಕೆ ಎದ್ದು ಕುರ್ಚಿಯನ್ನು ಅವನ ಕಡೆಗೆ ತಳ್ಳಿದಳು.

“ಕೂತ್ಕೊಳ್ಳಿ. ಎಲ್ಲಾ ಫೈಲೂ ಇದೆ ಅಂದ್ರಲ್ಲ? ನಾನು ದಿನಾ ಹಳೇದೊಂದು ಫೈಲನ್ನ ನನ್ನ ಬೆರಳು ಹೋದ ಹಾಗೆ ಹೊಡೆದು ಕೊಡ್ತೀನಿ. ನೀವು ಪಕ್ಕದಲ್ಲಿಟ್ಟು ನೋಡಿ, ಯಾವ ಮೊಟಕಿಗೆ ಯಾವ ಮಾತು ಅಂತ ಒಂದೊಂದೇ ಹುಡುಕಿ ಹಾಕಿ. ನಾಲ್ಕು ಸಾವಿರ ಇದೆ. ನಿಧಾನಕ್ಕೆ ಮಾಡಿ. ಅವಸರದ ಕೆಲಸ ಈಗ ಎದುರು ಅಂಗಡೀಲಿ ನಡೀತಿದೆ.”