ಹಣ್ಣಿನ ಗೆರೆ

ಪುತ್ತೂರಿನ ಕಾಲೇಜಿನಲ್ಲಿ ನಮಗೆ ರಸಾಯನಶಾಸ್ತ್ರ ಕಲಿಸಿದ ಲೆಕ್ಚರರು ಬೋರ್ಡು ಒರಸಿದ ಕೈಯನ್ನು ಪಂಚೆಗೇ ಉಜ್ಜಿಕೊಳ್ಳುತ್ತಿದ್ದರು. "ಹೆದರುದು ಎಂತಕ್ಕೆ?" ಎನ್ನುತ್ತ ಸೀಮೆಸುಣ್ಣವನ್ನು ನಮ್ಮತ್ತ ಚಾಚುವುದು ಅವರ ಅಭ್ಯಾಸ. ನನ್ನ ಓದು ಉಳಿದದ್ದು ಆ ಪುಣ್ಯಾತ್ಮರಿಂದ.

ಅರುವತ್ತರ ದಶಕದ ಮಾತು. ಒಂದು ವಸ್ತು ಇನ್ನೊಂದಾಗಿ, ಅದು ಮತ್ತೆ ಮೂರನೆಯದಾಗುವ ಸರಣಿ ಕ್ರಿಯೆಯ ಸಮೀಕರಣ ನನ್ನ ತಲೆಗೆ ಹತ್ತಲೇ ಇಲ್ಲ. ಓದು ಬಿಡುತ್ತೇನೆಂದು ಮನೆಗೆ ಹೇಳಿ ಕಳಿಸಿದೆ. ಕರೆದೊಯ್ಯಲು ಅಪ್ಪ ಬಂದೇಬಿಟ್ಟರು. ಅಪ್ಪನನ್ನೂ ಟ್ರಂಕನ್ನೂ ಹೊರಗೆ ಬಿಟ್ಟು, ಹೇಳಿಹೋಗಲು ಲೆಕ್ಚರರ ಬಳಿ ಹೋದೆ.

"ಒಟ್ಟಿಗೆ ಕೊಯ್ದ ಮಾವಿನಕಾಯಿ ಬೈಹುಲ್ಲಿನಲ್ಲಿಟ್ಟರೆ ಹಣ್ಣು ಯಾವಾಗ ಜಾಸ್ತಿ?" ಎಂದು ಕೇಳಿದರು.

"ನಡುವಿನಲ್ಲಿ ಸರ್. ಮೊದಲು ಬರೀ ಕಾಯಿ, ಕಡೆಗೆ ಬರೀ ಕೊಳೆತದ್ದು. ಆದ್ರೆ ಅಷ್ಟರಲ್ಲಿ ಮಕ್ಕಳು ತಿಂದು ಮುಗಿಸ್ತಾರೆ."

"ಅದು ಹಣ್ಣು ಹೋಗುವ ಇನ್ನೊಂದು ದಾರಿ, ಸಮಾಂತರ ಕ್ರಿಯೆ ಮಾರಾಯ್ತಿ, ನಾಳೆ ನೋಡುವ! ಈಗ ಹಣ್ಣಿನ ಗೆರೆ ಎಳೆ."

ಏರಿ ಇಳಿಯುವ ಗೆರೆಯೊಂದನ್ನು ಎಳೆದೆ. ಅದರ ನೆತ್ತಿಗೆ ಬೆರಳಿಟ್ಟು, "ಇಲ್ಲಿ ಎಂತ ಆಗುದು?" ಎಂದರು.

"ಕಾಯಿ ಹಣ್ಣಾಗುವಷ್ಟೇ ವೇಗದಲ್ಲಿ ಹಣ್ಣು ಕೊಳೆಯುದು."

"ಸಮೀಕರಣ ಹೇಳುದೂ ಅದನ್ನೇ."

ಆಮೇಲೆ ತಾವೇ ಹೊರಗೆ ಬಂದು ಅಪ್ಪನಿಗೆ, "ಇವಳಿಗೆ ನಾಳೆ ಕ್ಲಾಸ್ ಉಂಟು ಮಾರಾಯ್ರೆ" ಎಂದರು.

ನಮ್ಮೂರು ಕಡಬದ ಬಸ್ಸಿಗೆ ಒಬ್ಬರೇ ಹತ್ತುವ ಮುನ್ನ ಅಪ್ಪ ನನ್ನ ಟ್ರಂಕನ್ನು ಹಾಸ್ಟೆಲಿಗೆ ವಾಪಸು ಹೊತ್ತು ತಂದರು.