ಮೂವತ್ತೊಂದು ಮನೆಗಳ ದುರ್ಗಪ್ಪ ಮಾಸ್ತರು

ದುರ್ಗಪ್ಪ ಮಾಸ್ತರಿಗೆ ಕೂತು ಗೊತ್ತಿರಲಿಲ್ಲ. ಶಾಲೆಯಲ್ಲಿ ಅವರಿಗೆಂದು ಒಂದು ಕುರ್ಚಿ ಇತ್ತು, ಅದರ ಮೇಲೆ ಯಾವಾಗಲೂ ಅವರ ಕೊಡೆ ಕೂತಿರುತ್ತಿತ್ತು. ಮಾಸ್ತರು ಮಾತ್ರ ಎರಡನೆಯ ಇಯತ್ತೆಯ ಮಕ್ಕಳಿಂದ ಮೂರನೆಯದಕ್ಕೆ, ಮೂರನೆಯದರಿಂದ ನಾಲ್ಕನೆಯದಕ್ಕೆ ಓಡಾಡುತ್ತಲೇ ಇರುತ್ತಿದ್ದರು. ನೋಡಿ ನೋಡಿ ನನಗೇ ಕಾಲು ನೋವು ಬರುತ್ತಿತ್ತು.

ನಾನು ಅದೇ ಶಾಲೆಯ ಇನ್ನೊಬ್ಬ ಶಿಕ್ಷಕಿ, ಸುಮತಿ. ಊರವರ ಬಾಯಲ್ಲಿ ಅಕ್ಕೋರು. ಒಂದನೆಯ ಇಯತ್ತೆ ನನ್ನದು. ಧಾರೇಶ್ವರದಿಂದ ಒಂದು ಮೈಲಿ ಆಚೆ, ಸಮುದ್ರದ ಗಾಳಿ ಹಂಚು ಹಾರಿಸುವಂಥ ಜಾಗದಲ್ಲಿ ಎರಡು ಕೋಣೆಯ ಶಾಲೆ. ನಾನು ಕುಮಟೆಯ ಪೇಟೆಯಲ್ಲಿ ಬೆಳೆದವಳು, ಧಾರವಾಡದಲ್ಲಿ ಟ್ರೇನಿಂಗ್ ಮುಗಿಸಿದವಳು. ಆಗ ಇಪ್ಪತ್ತೆರಡು ವರ್ಷ, ಮೂಗಿನ ತುದಿಯಲ್ಲೇ ಸಿಟ್ಟು. ದುರ್ಗಪ್ಪ ಮಾಸ್ತರು ಭಟ್ಕಳದ ಕಡೆಯವರು, ನನಗಿಂತ ಹದಿನೈದು ವರ್ಷ ದೊಡ್ಡವರು. ೧೯೪೪ರ ಜೂನಿನಲ್ಲಿ, ಒಂದೇ ವಾರದ ಹಿಂದುಮುಂದಿನಲ್ಲಿ, ನಾವಿಬ್ಬರೂ ಆ ಶಾಲೆಗೆ ಬಂದೆವು.

ಸಂಜೆ ಶಾಲೆ ಬಿಟ್ಟ ಕೂಡಲೇ ನಾನು ಬಾಡಿಗೆಯ ಕೋಣೆಗೆ ಹೋಗಿ ಕಾಲು ಚಾಚುತ್ತಿದ್ದೆ. ಮಾಸ್ತರು ಕೊಡೆ ಕಂಕುಳಲ್ಲಿ ಇಟ್ಟುಕೊಂಡು ಮನೆ ಮನೆ ತಿರುಗಲು ಹೊರಡುತ್ತಿದ್ದರು. ಅವರ ಮೂರು ಇಯತ್ತೆಗಳಲ್ಲಿ ಮೂವತ್ತೊಂದು ಮಕ್ಕಳು, ಮೂವತ್ತೊಂದು ಮನೆ. ದಿನಕ್ಕೆ ಐದಾರು ಮನೆಯಂತೆ ಸರದಿ. ಇವತ್ತು ಶಾಲೆಯಲ್ಲಿ ಏನು ಕಲಿಸಿದೆ, ನಾಳೆಗೆ ಪಾಟಿಯ ಮೇಲೆ ಏನು ಬರೆದು ತರಬೇಕು, ಯಾವ ಮಗ್ಗಿ ಬಾಯಿಪಾಠ ಆಗಬೇಕು ಎಂದು ತಂದೆತಾಯಿಗಳಿಗೆ ಹೇಳಿ ಬರುತ್ತಿದ್ದರು. ಆ ಮನೆಗಳಲ್ಲಿ ಓದು ಬರುತ್ತಿದ್ದವರು ಹೆಚ್ಚೆಂದರೆ ಮೂರು ಮಂದಿ. ಮಕ್ಕಳೋ, ದಾರಿಯಲ್ಲೇ ಪಾಟಿಗೆ ಉಗುಳಿ ಉಜ್ಜಿ ಸ್ವಚ್ಛ ಮಾಡಿಕೊಂಡೇ ಮನೆ ಸೇರುತ್ತಿದ್ದವು.

"ನಿಮಗೆ ಯಾರು ಹೇಳಿದ್ದು ಈ ಕೆಲಸ?" ಎಂದು ಒಮ್ಮೆ ಕೇಳಿಯೇಬಿಟ್ಟೆ.

"ನಮ್ಮಪ್ಪ" ಎಂದರು. ಸತ್ತು ಹತ್ತು ವರ್ಷವಾದ ಅಪ್ಪ! ಮಾಸ್ತರು ಮೂರನೆಯ ಇಯತ್ತೆಯಲ್ಲಿದ್ದಾಗ ಅಪ್ಪ ಅವರನ್ನು ಶಾಲೆ ಬಿಡಿಸಿ ಎರಡು ವರ್ಷ ಎಮ್ಮೆ ಕಾಯಲು ಹಾಕಿದ್ದರಂತೆ. ಹುಡುಗ ಚೆನ್ನಾಗಿ ಕಲಿಯುತ್ತಿದ್ದ ಎಂಬ ಸುದ್ದಿಯೇ ಅಪ್ಪನಿಗೆ ಮುಟ್ಟಿರಲಿಲ್ಲ. ಕಡೆಗೆ ಒಬ್ಬ ಹೊಸ ಮಾಸ್ತರು ಮನೆಗೆ ಬಂದು ಹೇಳಿದ ಮೇಲೆ, "ಅಯ್ಯೋ, ಇದನ್ನ ಮೊದ್ಲೇ ಯಾರಾರೂ ಹೇಳೂಕಾಗಿತ್ತು" ಎಂದು ಮತ್ತೆ ಕಳಿಸಿದರು. "ಆ ಎರಡು ವರ್ಷ ನನ್ನ ಬೆನ್ನಟ್ಕೊಂಡೇ ಬರ್ತದೆ ಅಕ್ಕೋರೆ" ಎಂದರು ಮಾಸ್ತರು, ನಿಂತುಕೊಂಡೇ.

ಅದನ್ನು ಕೇಳಿದ ಮೇಲೆ ನಾನು ಸ್ವಲ್ಪ ದಿನ ಬಾಯಿ ಮುಚ್ಚಿಕೊಂಡಿದ್ದೆ. ಆದರೆ ನವರಾತ್ರಿಯ ಹೊತ್ತಿಗೆ ಬಾವಿಕಟ್ಟೆಯ ಮೇಲೆ ಒಂದು ವಿಚಿತ್ರ ಸಂಗತಿ ಗೊತ್ತಾಯಿತು. ಒಬ್ಬಳು ತಾಯಿ ತನ್ನ ಮಗನೇ ಶಾಲೆಗೆ ಮೊದಲಿಗ ಎಂದಳು. ಪಕ್ಕದವಳು ಅಲ್ಲ, ತನ್ನ ಮಗ ಎಂದಳು. ಮೂರನೆಯವಳು ಕೊಡ ಕೆಳಗಿಟ್ಟು ಜಗಳಕ್ಕೇ ನಿಂತಳು. ಮೂವರಿಗೂ ಹೇಳಿದವರು ದುರ್ಗಪ್ಪ ಮಾಸ್ತರೇ. ನನಗೆ ನಗು ತಡೆಯಲಾಗಲಿಲ್ಲ. ಆ ಮೂವರು ಮಕ್ಕಳಲ್ಲಿ ಇಬ್ಬರಿಗೆ ಇಪ್ಪತ್ತರ ಮೇಲೆ ಎಣಿಕೆ ತಪ್ಪುತ್ತಿತ್ತು.

ಮರುದಿನ ಮಾಸ್ತರನ್ನು ಹಿಡಿದುಕೊಂಡೆ. ಅವರು ಕೊಡೆಯ ಹಿಡಿಯನ್ನು ತಿರುಗಿಸುತ್ತ, ನೆಲ ನೋಡುತ್ತ ಒಪ್ಪಿಕೊಂಡರು.

"ಎಂತ ಮಾಡ್ಲಿ? ಹೋದ ಕೂಡ್ಲೆ ಚಾಪೆ ಹಾಸ್ತರೆ. ಬೆಲ್ಲ, ನೀರು ತಂದಿಡ್ತರೆ. ಸಕ್ಕರೆ, ಸೀಮೆಎಣ್ಣೆ ಯಾವುದಕ್ಕೂ ಗತಿ ಇಲ್ಲದ ಈ ಯುದ್ಧದ ಕಾಲದಲ್ಲಿ, ಮಕ್ಕಳಿಗೆ ಅಂತ ಇಟ್ಟ ಬೆಲ್ಲದ ಚೂರು ಅದು. ಅವರ ಮನೆ ಬೆಲ್ಲ ಬಾಯಲ್ಲಿಟ್ಕೊಂಡು, ನಿಮ್ಮ ಮಗು ದಡ್ಡ ಅಂತ ಹ್ಯಾಂಗೆ ಹೇಳೂದು?"

"ಬೆಲ್ಲ ನುಂಗಿದ ಮೇಲೆ ಹೇಳಿ" ಎಂದೆ. ಅವರು ನಗಲಿಲ್ಲ.

ಬೇರೆಯವರ ವಿಷಯದಲ್ಲಿ ಇದೆಲ್ಲ ನಗೆಚಾಟಿಕೆಯೇ. ದೇವಿಯ ವಿಷಯದಲ್ಲಿ ಅಲ್ಲ. ಅವಳು ಮೂರನೆಯ ಇಯತ್ತೆಯ ಹುಡುಗಿ, ಬೀರಪ್ಪ ಮತ್ತು ಗಂಗಿಯ ಹಿರಿಯ ಮಗಳು. ಬೀರಪ್ಪ ತುಂಡು ಗದ್ದೆ ಮಾಡಿಕೊಂಡು, ಬಿಡುವಿದ್ದಾಗ ದಂಡೆಯಲ್ಲಿ ಬಲೆ ಹಾಕುತ್ತಿದ್ದ. ಹೊನ್ನಾವರದಲ್ಲಿದ್ದ ಅವನ ಅಕ್ಕ, ತನ್ನ ಮಕ್ಕಳನ್ನು ನೋಡಿಕೊಳ್ಳಲು ದೇವಿಯನ್ನು ಕಳಿಸೆಂದು ವರ್ಷದಿಂದ ಹೇಳಿ ಕಳಿಸುತ್ತಿದ್ದಳು. ಗಂಗಿ ಹಟ ಹಿಡಿದು ತಡೆದಿದ್ದಳು. ಕೊನೆಗೆ ಗಂಡಹೆಂಡಿರ ನಡುವೆ ಒಂದು ಒಪ್ಪಂದವಾಗಿತ್ತು. ಮಾರ್ಚಿನಲ್ಲಿ ಶಾಲೆ ತಪಾಸಣೆಯ ದಿಪೋಟಿ ಸಾಹೇಬರು ಪರೀಕ್ಷೆ ತೆಗೆದುಕೊಳ್ಳಲು ಬರುತ್ತಾರೆ. ದೇವಿ ಪಾಸಾದರೆ ಶಾಲೆ, ನಪಾಸಾದರೆ ಹೊನ್ನಾವರ.

ಆ ಹುಡುಗಿಗೆ ಓದಲು ಬರುತ್ತಿರಲಿಲ್ಲ. ಒಮ್ಮೆ ಕಿವಿಗೆ ಬಿದ್ದರೆ ಸಾಕು, ಪಾಠ, ಪದ್ಯ, ಮಗ್ಗಿ ಎಲ್ಲ ನಾಲಿಗೆಯ ಮೇಲೆ. ಪುಸ್ತಕ ಹಿಡಿದು, ಗೆರೆಯ ಮೇಲೆ ಬೆರಳಾಡಿಸಿ, ಒಂದು ತಪ್ಪಿಲ್ಲದೆ ಒಪ್ಪಿಸುತ್ತಿದ್ದಳು. ಬೇರೆ ಯಾವುದೋ ಪುಟದ ನಡುವಿನ ಒಂದು ಶಬ್ದ ತೋರಿಸಿದರೆ ಸುಮ್ಮನೆ ನಿಂತುಬಿಡುತ್ತಿದ್ದಳು. ಮಾಸ್ತರಿಗೆ ಇದು ಗೊತ್ತಾದದ್ದು ದೀಪಾವಳಿಯ ನಂತರ. ಆಗಲೂ ವಾರಕ್ಕೊಮ್ಮೆ ಗಂಗಿಯ ಜಗಲಿಯ ಮೇಲೆ ಕೂತು, "ಚಲೋ ನಡೆದದೆ" ಎಂದು ಹೇಳಿ ಬರುತ್ತಿದ್ದರು. ಗಂಗಿ ಆ ಮಾತನ್ನು ಕೇರಿಗೆಲ್ಲ ಹಂಚುತ್ತಿದ್ದಳು. ಗಂಡನಿಗೆ ದಿನಕ್ಕೆರಡು ಸಲ ಹೇಳುತ್ತಿದ್ದಳು.

"ಹೇಳಿಬಿಡಿ ಮಾಸ್ತರೆ" ಎಂದೆ.

"ಹೇಳಿದ್ರೆ ನಾಳೆನೇ ಹೊನ್ನಾವರ."

"ಹೇಳದಿದ್ದರೆ ಮಾರ್ಚಿನಲ್ಲಿ ಹೊನ್ನಾವರ. ಅದೂ ಊರೆಲ್ಲರ ಎದುರು."

ಆ ಮೇಲೆ ಅವರ ಓಡಾಟ ಇನ್ನೂ ಹೆಚ್ಚಾಯಿತು. ಬೀರಪ್ಪನ ಮನೆಯ ತನಕ ಹೋಗಿ, ಬೇಲಿಯಿಂದಲೇ ಹಿಂದಕ್ಕೆ ಬಂದದ್ದನ್ನು ನಾನೇ ಎರಡು ಸಲ ನೋಡಿದೆ. ಪಾಠದ ಮಧ್ಯೆ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದರು, ಬರೆಯುತ್ತಿದ್ದ ಸೀಮೆಸುಣ್ಣ ಕೈಯಲ್ಲೇ ಪುಡಿಯಾಗುತ್ತಿತ್ತು. ಅವರ ತಳಮಳ ನನಗೂ ಅಂಟಿತು. ನಾನು ಮಕ್ಕಳಿಗೆ ಕಾರಣವಿಲ್ಲದೆ ಬೈಯುತ್ತಿದ್ದೆ. ಮಾಸ್ತರು ಹೇಡಿ ಎಂದು ಮನಸ್ಸಿನಲ್ಲೇ ಶಪಿಸುತ್ತಿದ್ದೆ.

ಜನವರಿಯ ಒಂದು ಶುಕ್ರವಾರ, "ಇವತ್ತು ಬೆಲ್ಲ ಮುಟ್ಟೂದಿಲ್ಲ, ನೀರೂ ಕುಡಿಯೂದಿಲ್ಲ, ನಿಂತೇ ಹೇಳಿ ಬರ್ತೆ" ಎಂದು ಹೊರಟರು. ನಾನು ಭೇಷ್ ಎಂದೆ. ಆಮೇಲೆ ಆದದ್ದಿಷ್ಟು. ಗಂಗಿ ಚಾಪೆ ಹಾಸಿದಳು, ಇವರು ಕೂರಲಿಲ್ಲ. ಬೆಲ್ಲದ ತಟ್ಟೆ, ನೀರಿನ ಚೊಂಬು ತಂದಳು. ಇವರು "ಬ್ಯಾಡ" ಎಂದರು. ಗಂಗಿಯ ಮುಖ ಇಳಿದುಹೋಯಿತು. ಆ ಮುಖ ನೋಡಿದ್ದೇ ಇವರು ಹೇಳಬೇಕಾದ ಮಾತು ಹೇಳದೆ ಬೇಲಿಯ ದಣಪೆ ದಾಟಿ ಓಡಿ ಬಂದರು!

ನಮ್ಮ ಕಡೆ ಒಂದು ಮನೆಯ ಬೆಲ್ಲ-ನೀರು ಬೇಡವೆಂದರೆ ಆ ಮನೆಯ ಜೊತೆ ಸಂಬಂಧ ಮುರಿದಂತೆ. ಧಾರವಾಡದಲ್ಲಿ ಕಲಿತ ನಾನು ಅದನ್ನು ಮರೆತಿದ್ದೆ, ಭಟ್ಕಳದಲ್ಲಿ ಹುಟ್ಟಿದ ಅವರಾದರೂ ನೆನಪಿಟ್ಟುಕೊಳ್ಳಬೇಕಿತ್ತು. ಶನಿವಾರ ದೇವಿ ಶಾಲೆಗೆ ಬರಲಿಲ್ಲ. ಬೀರಪ್ಪನ ಮನೆಯಲ್ಲಿ ಮಾಸ್ತರು ನೀರು ಮುಟ್ಟಲಿಲ್ಲವಂತೆ ಎಂದು ಕೇರಿಯಲ್ಲಿ ಗುಸುಗುಸು. ಏನು ತಪ್ಪು ಮಾಡಿರಬೇಕು ಅವರು ಎಂದು ನಾನಿದ್ದ ಮನೆಯ ಒಡತಿ ಹೊನ್ನಮ್ಮ ನನ್ನನ್ನೇ ಕೇಳಿದಳು. ಸೋಮವಾರವೂ ಹುಡುಗಿ ಇಲ್ಲ.

ಮಂಗಳವಾರ ಬೆಳಿಗ್ಗೆ ಬೀರಪ್ಪ ಬಂದ. ಹೆಗಲ ಮೇಲೆ ನಾಲ್ಕು ದೊಡ್ಡ ಮೊಗೆಕಾಯಿ, ಹುಳಿಗೆ ಹಾಕುವ ಸೌತೆ. ಅವನ್ನು ಶಾಲೆಯ ಮೆಟ್ಟಿಲ ಮೇಲಿಟ್ಟು ಕೈಮುಗಿದ.

"ನಮ್ಮಿಂದ ಎಂತ ತಪ್ಪಾತು ಮಾಸ್ತರೆ? ಯಾರಾರೂ ಚಾಡಿ ಹೇಳಿದ್ರಾ? ಮನೆ ಹೆಂಗ್ಸು ಮೂರು ದಿನದಿಂದ ಸಮಾ ಉಣ್ಣಲಿಲ್ಲ. ನಮ್ ಮೇಲಿನ ಸಿಟ್ಟು ಹುಡ್ಗಿ ಮೇಲೆ ತೀರ್ಸ್ಬೇಡಿ."

ದುರ್ಗಪ್ಪ ಮಾಸ್ತರು ಆಗ ಹೇಳಿದರು. ಓಡಲು ಜಾಗವಿರಲಿಲ್ಲ, ಹೇಳಿದರು. ತಪ್ಪು ನಿಮ್ಮದಲ್ಲ, ನನ್ನದು. ದೇವಿಗೆ ಓದಲು ಬರುವುದಿಲ್ಲ. ಅಕ್ಷರಗಳಲ್ಲಿ ಅರ್ಧಕ್ಕರ್ಧ ಅವಳಿಗೆ ಗುರುತಿಲ್ಲ.

ಬೀರಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಹಂಗಾರೆ, ಇಷ್ಟು ದಿನ ನಮ್ಮ ಜಗಲಿ ಮೇಲೆ ಕೂತ್ಕಂಡು ಹೇಳಿದ್ದು?" ಎಂದು ಕೇಳಿದ. ಮಾಸ್ತರು ಕೊಡೆಯ ಹಿಡಿ ತಿರುಗಿಸುತ್ತ ನಿಂತರು. "ಆತು. ಬರೂ ಸೋಮವಾರ ಹೊನ್ನಾವರಕ್ಕೆ ಬಿಟ್ಟಿಕ್ಕಿ ಬರ್ತೆ" ಎಂದು ತಿರುಗಿ ನಡೆದ. ಮೊಗೆಕಾಯಿಗಳನ್ನು ಅಲ್ಲೇ ಬಿಟ್ಟು ಹೋದ. ಅವನು ಅವನ್ನು ಹೊತ್ತುಕೊಂಡು ಹೋಗಿದ್ದರೇ ನಮಗೆ ಒಳ್ಳೆಯದಿತ್ತು.

ಮರುದಿನ ಮಧ್ಯಾಹ್ನ ಗಂಗಿ ಬಂದಳು. ಸೊಂಟದಲ್ಲಿ ಕೂಸು, ಹಿಂದೆ ದೇವಿ. ಅವಳು ಅಳಲಿಲ್ಲ, ಕೂಗಲಿಲ್ಲ. ಹುಡುಗಿಗೆ ಬಾರದ್ದು ಯಾವುದು, ಲೆಕ್ಕ ಹಾಕಿ ಹೇಳಿ ಎಂದಳು. ಮಾಸ್ತರು ಹಲಗೆಯ ಮೇಲೆ ಅಕ್ಷರಗಳನ್ನೆಲ್ಲ ಬರೆದು ಒಂದೊಂದಾಗಿ ತೋರಿಸಿದರು. ದೇವಿ ಗುರುತು ಹಿಡಿದದ್ದನ್ನು ಒರೆಸುತ್ತ ಹೋದರು. ಕೊನೆಗೆ ಹಲಗೆಯ ಮೇಲೆ ಇಪ್ಪತ್ತಾರು ಉಳಿದವು. ಗಂಗಿ ಅವುಗಳ ಎದುರು ನಿಂತು, ಬೆರಳು ಮಡಚಿ ತಾನೇ ಇನ್ನೊಮ್ಮೆ ಎಣಿಸಿದಳು.

ಆಮೇಲೆ ಮಾಸ್ತರನ್ನು ಬಿಟ್ಟು ನನ್ನ ಕಡೆ ತಿರುಗಿದಳು.

"ಅಕ್ಕೋರೆ, ನೀವು ಮೂರು ದಿನಕ್ಕೊಮ್ಮೆ ಬಾವಿಕಟ್ಟೆ ಮೇಲೆ ನಂಗೆ ಸಿಗ್ತ್ರಿ. ನಿಮಗೆ ಗೊತ್ತಿತ್ತಾ?"

ಇಲ್ಲ ಎನ್ನಬಹುದಿತ್ತು. ಅವಳು ನಂಬುತ್ತಿದ್ದಳು ಕೂಡ. ಮಾಸ್ತರಿಗೆ ಹೇಡಿ ಎಂದು ಬೈದವಳು ನಾನು. ಬಾವಿಯ ಹತ್ತಿರ ಇದೇ ಗಂಗಿ ಮಗಳನ್ನು ಹೊಗಳಿಕೊಳ್ಳುವಾಗ ಕೊಡ ತುಂಬಿಸಿಕೊಂಡು, ಸಣ್ಣಗೆ ನಕ್ಕು ಬಂದವಳೂ ನಾನೇ. ನನಗೆ ಯಾರೂ ಬೆಲ್ಲ ಕೊಟ್ಟಿರಲಿಲ್ಲ. ಹೇಳುವುದು ನನ್ನ ಕೆಲಸವಲ್ಲ ಎಂದುಕೊಂಡಿದ್ದೆ, ಅಷ್ಟೇ.

"ಗೊತ್ತಿತ್ತು" ಎಂದೆ.

ಗಂಗಿ ನನ್ನನ್ನು ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿ, "ಮಾರ್ಚಿನ ತನಕ ನಾನು ಅವ್ರನ್ನ ತಡೀತೆ" ಎಂದಳು. "ಇದು ಬೆಳಿಗ್ಗೆ ನಿಮ್ಮ ಸಣ್ಣ ಮಕ್ಕಳ ಸಂಗ್ತಿ ಕೂರ್ಲಿ, ಮಧ್ಯಾಹ್ನ ಮಾಸ್ತರ ಹತ್ರ ಹೋಗ್ಲಿ. ಶನಿವಾರ ಶನಿವಾರ ಇಬ್ರೂ ಮನೆಗೆ ಬನ್ನಿ. ಬಂದದ್ದನ್ನ ಹೇಳೂದು ಬ್ಯಾಡ, ಅದನ್ನ ಹುಡ್ಗಿನೇ ಹೇಳ್ತದೆ. ಬಾರದ್ದು ಎಷ್ಟು ಅಂತ ನೀವು ಹೇಳಿ."

ಹಾಗೆ ನನ್ನ ಕಾಲಿಗೂ ತಿರುಗಾಟ ಬಂತು. ಶನಿವಾರದ ಶಾಲೆ ಮುಗಿದ ಮೇಲೆ ಬಿಸಿಲಲ್ಲಿ ಮಾಸ್ತರು ಮುಂದೆ, ನಾನು ಹಿಂದೆ. ಮೊದಲ ಶನಿವಾರ ಇಪ್ಪತ್ತೈದು. ಎರಡನೆಯದು ಇಪ್ಪತ್ತೈದೇ. ಆ ದಿನ ಬೀರಪ್ಪ ನಮ್ಮತ್ತ ನೋಡದೆ ಎದ್ದು ದಂಡೆಯ ಕಡೆ ಹೋಗಿಬಿಟ್ಟ. ನಂತರ ಇಪ್ಪತ್ತೊಂದು, ಹದಿನೇಳು. ಅವನು ಎದ್ದು ಹೋಗುವುದನ್ನು ಬಿಟ್ಟ, ಆದರೆ ಮಾತಿಲ್ಲ. ಬಲೆ ಹೊಲಿಯುತ್ತ, ಬೆನ್ನು ಹಾಕಿಕೊಂಡೇ ಕೂತಿರುತ್ತಿದ್ದ.

ಈ ನಡುವೆ ಉಳಿದ ಮೂವತ್ತು ಮನೆಗಳಿಗೂ ಸುದ್ದಿ ಮುಟ್ಟಿತ್ತು. ನಮ್ಮದರ ಕತೆ ಏನು ಎಂದು ಒಬ್ಬೊಬ್ಬರೇ ಕೇಳಿಕೊಂಡು ಬರತೊಡಗಿದರು. ಮಾಸ್ತರು ಆ ಮನೆಗಳನ್ನೆಲ್ಲ ಮತ್ತೊಂದು ಸುತ್ತು ಹಾಕಿದರು. ಎರಡು ಮನೆಗಳಲ್ಲಿ ಬೈಸಿಕೊಂಡರು, ಒಂದು ಮನೆಯಲ್ಲಿ ಹುಡುಗನಿಗೆ ಬೀಳುತ್ತಿದ್ದ ಪೆಟ್ಟನ್ನು ತಡೆಯಲು ಹೋಗಿ ಕೊಡೆ ಮುರಿದುಕೊಂಡರು.

ಮಾರ್ಚಿನ ಕೊನೆಗೆ ದಿಪೋಟಿ ಸಾಹೇಬರು ಬಂದರು. ದೇವಿಗೆ ಯಾವುದೋ ನಡುವಿನ ಪುಟ ತೆರೆದುಕೊಟ್ಟರು. ಹುಡುಗಿ ಓದಿದಳು, ನಿಜವಾಗಿಯೂ ಓದಿದಳು. ಆದರೆ ಬೆವರುತ್ತ, ತಡವರಿಸುತ್ತ ಒಂದೊಂದೇ ಅಕ್ಷರ. ಸಾಹೇಬರಿಗೆ ಇನ್ನೂ ಎರಡು ಶಾಲೆ ನೋಡುವುದಿತ್ತು. ಮೂರು ಸಾಲಿಗೆ ಸಾಕೆಂದು ಕೈ ಎತ್ತಿ ನಪಾಸು ಎಂದು ಬರೆದುಕೊಂಡರು.

ಆ ಶನಿವಾರ ಬೀರಪ್ಪನ ಮನೆಯ ದಾರಿ ಸಾಗಲೇ ಇಲ್ಲ. ಮಾಸ್ತರು ಅಲ್ಲಲ್ಲಿ ನಿಲ್ಲುತ್ತಿದ್ದರು. ನಾನು "ನಡೀರಿ" ಎನ್ನುತ್ತಿದ್ದೆ. ಜಗಲಿಯ ಮೇಲೆ ಗಂಗಿ ಇದ್ದಳು. ಅಂಗಳದಲ್ಲಿ ಬೀರಪ್ಪ ಎಂದಿನಂತೆ ಬೆನ್ನು ಹಾಕಿ ಕೂತಿದ್ದ. ದೇವಿ ಬಾಗಿಲ ಹಿಂದೆ ನಿಂತಿದ್ದು ಅವಳ ಲಂಗದ ಅಂಚಿನಿಂದ ಗೊತ್ತಾಗುತ್ತಿತ್ತು.

"ನಪಾಸಾತು" ಎಂದರು ಮಾಸ್ತರು, ಕೂರುವುದಕ್ಕೂ ಮೊದಲೇ.

ಬಲೆ ಹೊಲಿಯುತ್ತಿದ್ದ ಕೈ ನಿಂತಿತು. ಗಂಗಿ ಸೆರಗಿನಿಂದ ಮುಖ ಒರೆಸಿಕೊಂಡು, ಪ್ರತಿ ವಾರ ಕೇಳುವುದನ್ನೇ ಕೇಳಿದಳು.

"ಬಾರದ್ದು ಎಷ್ಟು ಉಳದದೆ?"

"ಆರು" ಎಂದೆ ನಾನು.

ಗಂಗಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅಂಗಳದಿಂದ ಬೀರಪ್ಪನ ದನಿ ಬಂತು. ಜನವರಿಯ ಆ ಮಂಗಳವಾರದ ನಂತರ ನಮ್ಮೆದುರು ಅವನು ಆಡಿದ ಮೊದಲ ಮಾತು ಅದು.

"ಹೋದ ಶನಿವಾರ ಒಂಬತ್ತಿತ್ತು" ಎಂದ. ಇನ್ನೂ ತಿರುಗಿರಲಿಲ್ಲ. ಬಲೆಯ ಗಂಟೊಂದನ್ನು ಎಳೆದು ಬಿಗಿ ಮಾಡಿ ಮುಂದುವರಿಸಿದ. "ಮಾಸ್ತರೆ, ಹೊನ್ನಾವರದ ಬದಿಗೆ ಹೋಗೋರು ಯಾರಾರೂ ಸಿಕ್ಕರೆ ತಿಳ್ಸಿ. ಮಕ್ಕಳನ್ನ ನೋಡೂಕೆ ಬೇರೆ ಯಾರನ್ನಾರೂ ಹುಡ್ಕಳ್ಳಿ ಅಂತ ಅಕ್ಕನಿಗೆ ಹೇಳಿ ಕಳಿಸ್ಬೇಕು."