ಬೀಗರೂಟದಲ್ಲಿ ನಿಖಿತಾಳ ಹಾಡು

ಆತಗೂರಿನ ನಿಖಿತಾ ವಾರವೆಲ್ಲ ಮಳವಳ್ಳಿಯ ಶಾಲೆಯೊಂದರಲ್ಲಿ ಗಣಿತದ ಮೇಡಂ, ಭಾನುವಾರ ನಮ್ಮ ರಾಕ್ ಬ್ಯಾಂಡಿನ ಗಾಯಕಿ. ಬ್ಯಾಂಡಿನ ಹೆಸರು ‘ಕೂಳೆ’. ಕಡಿದ ಕಬ್ಬಿನ ಬುಡದಿಂದ ಮತ್ತೆ ಚಿಗುರುತ್ತದಲ್ಲ, ಅದು. ಹೆಸರಿಟ್ಟವಳೂ ಅವಳೇ, ಹಾಡು ಬರೆಯುವವಳೂ ಅವಳೇ. ಯತೀಶ ಡ್ರಮ್ಸ್, ನಾನು ಬಾಸ್ ಗಿಟಾರು. ನನ್ನದಕ್ಕೆ ನಾಲ್ಕೇ ತಂತಿ ನೋಡಿ, ಉಳಿದೆರಡು ಕಿತ್ತುಹೋಗಿವೆಯೆಂದು ಮರುಗುವವರೇ ಜಾಸ್ತಿ. ಹಾಳಾಗಿ ಹೋಗಲಿ.

ಇಷ್ಟು ವರ್ಷದಲ್ಲಿ ನಾವು ನುಡಿಸದ ಜಾಗವಿಲ್ಲ. ಮಂಡ್ಯದ ಕಾಲೇಜುಗಳು, ಕೆರಗೋಡಿನ ಗಣೇಶ, ಮದ್ದೂರಿನ ಮೊಬೈಲ್ ಅಂಗಡಿಯ ಉದ್ಘಾಟನೆ. ಎಲ್ಲೆಡೆ ಒಂದೇ ಗೋಳು. ನಿಖಿತಾ ತನ್ನ ಹಾಡು ಶುರುಮಾಡಿದರೆ ಸಾಕು, ನಡುವೆ ಯಾರಾದರೊಬ್ಬ “ಪಿಚ್ಚರ್ ಸಾಂಗ್ ಹಾಕ್ರಪ್ಪೋ!” ಎಂದು ಅರಚುತ್ತಿದ್ದ. ಅವಳ ಒಂದು ಹಾಡೂ ಕೊನೆ ಮುಟ್ಟಿರಲಿಲ್ಲ. ಅವಳೂರಿನ ಚಲುವರಾಜು ಅವರ ಮಗಳ ಮದುವೆಯ ಬೀಗರೂಟಕ್ಕೆ ಕರೆ ಬಂದಾಗ ಅವಳು ಹೇಳಿಬಿಟ್ಟಳು: “ಇದೇ ಕಡೇದು ಕಣ್ರೋ. ಒಬ್ರಾದ್ರೂ ನನ್ ಹಾಡ ಕಡೇಗಂಟ ಕೇಳುದ್ರೆ ಸರಿ. ಇಲ್ದಿದ್ರೆ ಬ್ಯಾಂಡ್ ಮುಚ್ಚಾಕ್ಬುಟ್ಟು ಸ್ಕೂಲ್ ಐಕಳಿಗೆ ಲೆಕ್ಕ ಹೇಳ್ಕೊಂಡು ಇದ್ಬುಡ್ತೀನಿ.”

ನನಗೆ ಮೈಯೆಲ್ಲ ಉರಿಯಿತು. ಬೀಗರೂಟದಲ್ಲಿ ಹಾಡು ಕೇಳುವವರು ಯಾರು ತಾಯಿ? ನಮ್ಮ ಕಡೆ ಬಾಡೂಟವೆಂದರೆ ಉಣ್ಣುವವನ ಕುರ್ಚಿ ಹಿಡಿದು ಹಿಂದೆ ಇನ್ನೊಬ್ಬ ನಿಂತೇ ಇರುತ್ತಾನೆ. ಇವನು ಎದ್ದ, ಅವನು ಕೂತ, ಅಷ್ಟೇ.

ಹೇಳಿದಂತೆಯೇ ಆಯಿತು. ಚಲುವರಾಜು ಬೆವರೊರೆಸಿಕೊಳ್ಳುತ್ತ ಬಂದು, “ಜೋರಾಗ್ ಒಡೀರ್ಲಾ! ಬ್ಯಾಗ ಬ್ಯಾಗ ಉಂಡು ಎದ್ದೇಳ್ಲಿ!” ಎಂದರು. ಹೊಡೆದೆವು. ಪಂಕ್ತಿಯ ಮೇಲೆ ಪಂಕ್ತಿ ಎದ್ದಿತು. ಆಗ ನಿಖಿತಾ ನಮ್ಮನ್ನು ಒಂದು ಮಾತೂ ಕೇಳದೆ ತನ್ನ ಹಾಡು ಎತ್ತಿಕೊಂಡಳು. ಕೈ ಅಡ್ಡ ಹಾಕಿದರೂ ನಿಲ್ಲಿಸದೆ ಹೋಗುವ ಬಸ್ಸಿನ ಬಗ್ಗೆ, ನಿಧಾನದ ಹಾಡು.

ಎದುರಿಗೇ ಅವಳ ದೊಡ್ಡಪ್ಪ ಮರಿಯಯ್ಯ ಒಂದು ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು. ಬಾಡೂಟದ ಜಾಗಕ್ಕಾಗಿ ಸ್ವಂತ ಬೀಗರ ಜೊತೆಗೇ ಜಗಳ ಆಡಿದ ಆಸಾಮಿ. ನಮ್ಮ ಬ್ಯಾಂಡೆಂದರೆ ಅವರಿಗೆ ಬರೀ ತಲೆನೋವು.

ಕುರ್ಚಿ ಖಾಲಿಯಾಯಿತು. ಮರಿಯಯ್ಯ ಕೂರಲಿಲ್ಲ. ಪಕ್ಕದವನು ಸಂದಿಯಲ್ಲಿ ನುಸುಳಿ ಕೂತೇಬಿಟ್ಟ. ಎಲೆ ಬಂತು, ಮುದ್ದೆ ಬಂತು, ಬಿಸಿ ಬಿಸಿ ಬೋಟಿ ಗೊಜ್ಜು ಬಂತು. ಇವರು ನಿಂತೇ ಇದ್ದರು.

“ಈ ಕಡೆ ಜಾಗ ಐತೆ, ಕೂತ್ಕಳಿ ಯಜಮಾನ್ರೇ,” ಎಂದ ಬಡಿಸುವವನು.

“ಸುಮ್ಕಿರ್ಲಾ. ಮಗ ಹಾಡ್ತಾವ್ಳೆ.”

ಅದು ನಿಖಿತಾಳಿಗೂ ಕೇಳಿಸಿತು. ದನಿ ಒಂದು ಗಳಿಗೆ ನಡುಗಿತು, ಆದರೆ ನಿಲ್ಲಲಿಲ್ಲ. ನನಗಂತೂ ತಂತಿ ಯಾವುದು ಬೆರಳು ಯಾವುದು ತಿಳಿಯಲಿಲ್ಲ. ಹಾಡು ಕೊನೆ ಮುಟ್ಟಿತು.

ಮರಿಯಯ್ಯ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು.

“ಮುಗೀತಾ? ಇನ್ನೊಂದ್ಸತಿ ಹೇಳು ಮಗ. ಎಂಗೂ ಈ ಪಂಕ್ತಿ ತಪ್ಪೋಯ್ತು.”